ಔಷಧಿ ಚೀಟಿ ಮತ್ತು 40 ವರ್ಷದ ಕಾಯುವಿಕೆ: ಅಮೆರಿಕದ ‘ಎಕ್ಸ್‌ಟ್ರಾ ಹೆಲ್ಪ್’ ಬಂದ ದಾರಿ

1965ರ ಜುಲೈ 30. ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಎಂಬ ಊರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ಕಾಯ್ದೆಗೆ ಸಹಿ ಹಾಕಿದರು. ಮೊದಲ ಕಾರ್ಡ್ ಸಿಕ್ಕಿದ್ದು ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರಿಗೆ. 65 ದಾಟಿದವರ ಆಸ್ಪತ್ರೆ ಖರ್ಚಿಗೆ, ಡಾಕ್ಟರ್ ಫೀಸಿಗೆ ಆ ಕಾರ್ಡ್ ಆಸರೆಯಾಯಿತು. ಆದರೆ ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋದರೆ ಅದೇ ಕಾರ್ಡ್ ನಡೆಯುತ್ತಿರಲಿಲ್ಲ. ಅಲ್ಲಿ ದುಡ್ಡು ಕೈಯಿಂದಲೇ ಕೊಡಬೇಕಿತ್ತು. ಈ ಒಂದು ಕೊರತೆ ನೀಗಲು 40 ವರ್ಷ ಹಿಡಿಯಿತು. ಕಡಿಮೆ ಆದಾಯದವರ ಔಷಧಿ ಖರ್ಚಿಗೆ ಸರ್ಕಾರ ಕೊಡುವ ‘ಎಕ್ಸ್‌ಟ್ರಾ ಹೆಲ್ಪ್’ ಎಂಬ ನೆರವು ಬಂದದ್ದೂ ಆಗಲೇ.

ಆಗಿನ ಖಾಸಗಿ ವಿಮೆಗಳನ್ನು ನೋಡಿಕೊಂಡೇ ಮೆಡಿಕೇರ್ ರೂಪಿಸಿದ್ದರು. ಮನೆಗೆ ಒಯ್ಯುವ ಮಾತ್ರೆಗೆ ಆ ವಿಮೆಗಳಲ್ಲೂ ಸಾಮಾನ್ಯವಾಗಿ ಜಾಗ ಇರಲಿಲ್ಲ. ಬಿ.ಪಿ.ಗೆ ಒಂದು, ಕೊಲೆಸ್ಟರಾಲ್‌ಗೆ ಒಂದು ಅಂತ ಬದುಕಿರುವ ತನಕ ದಿನಾ ಮಾತ್ರೆ ನುಂಗುವ ಕಾಲ ಇನ್ನೂ ಪೂರ್ತಿ ಬಂದಿರಲಿಲ್ಲ. ಅದು ಬಂದಾಗ ಪೆಟ್ಟು ಬಿದ್ದದ್ದು ನಡುವೆ ಸಿಕ್ಕಿಕೊಂಡವರಿಗೆ. ತೀರಾ ಬಡವರಿಗೆ ಮೆಡಿಕೈಡ್ ಎಂಬ ಬೇರೆ ಯೋಜನೆ ಔಷಧಿ ಕೊಡಿಸುತ್ತಿತ್ತು. ಅದರ ಗೆರೆಗಿಂತ ಒಂಚೂರು ಮೇಲಿದ್ದು, ತಿಂಗಳ ಪಿಂಚಣಿಯಲ್ಲೇ ಬಾಡಿಗೆ, ಊಟ, ಮಾತ್ರೆ ಎಲ್ಲ ತೂಗಿಸಬೇಕಾದವರಿಗೆ ಏನೂ ಇರಲಿಲ್ಲ.

ಕೆಲವು ರಾಜ್ಯಗಳು ಕಾಯುತ್ತಾ ಕೂರಲಿಲ್ಲ. ನ್ಯೂಜೆರ್ಸಿ ಮತ್ತು ಮೇನ್ 1970ರ ದಶಕದಲ್ಲೇ ಸ್ವಂತ ಯೋಜನೆ ತಂದವು. ಪೆನ್ಸಿಲ್ವೇನಿಯಾ 1984ರಲ್ಲಿ ‘ಪೇಸ್’ ಎಂಬ ಔಷಧಿ ಯೋಜನೆ ಶುರುಮಾಡಿತು. ಅದಕ್ಕೆ ದುಡ್ಡು ಬಂದದ್ದು ರಾಜ್ಯದ ಲಾಟರಿಯಿಂದ.

ಕೇಂದ್ರ ಸರ್ಕಾರ ಮೊದಲ ಸಲ ಕೈಹಾಕಿದ್ದು 1988ರಲ್ಲಿ, ರೊನಾಲ್ಡ್ ರೇಗನ್ ಕಾಲದಲ್ಲಿ. ಹೊಸ ಕಾಯ್ದೆಯಲ್ಲಿ ಔಷಧಿಗೂ ನೆರವು ಇತ್ತು. ಆದರೆ ಖರ್ಚನ್ನು ಹಿರಿಯರೇ ಹೊರಬೇಕು, ಅವರಲ್ಲೂ ಆದಾಯ ಜಾಸ್ತಿ ಇರುವವರು ಹೆಚ್ಚು ಕೊಡಬೇಕು ಎಂದಿತು ಸರ್ಕಾರ. ಮೊದಲ ವರ್ಷ ಒಬ್ಬರಿಗೆ 800 ಡಾಲರ್‌ವರೆಗೆ. ಹಿಂದೆ ದುಡಿದ ಕಂಪನಿಯಿಂದಲೇ ವಿಮೆ ಪಡೆಯುತ್ತಿದ್ದವರಿಗೆ ಸಿಟ್ಟು ಬಂತು: ನಮ್ಮ ಹತ್ತಿರ ಇರುವುದಕ್ಕೇ ಇನ್ನೊಮ್ಮೆ ಯಾಕೆ ಕೊಡಬೇಕು? ಅಷ್ಟು ದೊಡ್ಡ ಮೊತ್ತ ಕಟ್ಟಬೇಕಿಲ್ಲದವರೂ ತಮಗೂ ಬೀಳುತ್ತದೆ ಅಂತ ಹೆದರಿದರು. 1989ರ ಆಗಸ್ಟ್‌ನಲ್ಲಿ ಷಿಕಾಗೋದಲ್ಲಿ, ಈ ಕಾಯ್ದೆಯ ಪರ ನಿಂತಿದ್ದ ಸಂಸದ ಡ್ಯಾನ್ ರೋಸ್ಟೆನ್‌ಕೌಸ್ಕಿ ಅವರ ಕಾರನ್ನು ಹಿರಿಯರ ಗುಂಪೊಂದು ಸುತ್ತುವರಿಯಿತು. ಒಬ್ಬ ಅಜ್ಜಿ ಕಾರಿನ ಮುಂಭಾಗದ ಮೇಲೇ ಹತ್ತಿಬಿಟ್ಟರು. ಸಂಸದರು ಕೊನೆಗೆ ಇಳಿದು ನಡೆದು ತಪ್ಪಿಸಿಕೊಳ್ಳಬೇಕಾಯಿತು. ಆ ವರ್ಷದ ಕೊನೆಗೆ ಕಾಯ್ದೆ ರದ್ದಾಯಿತು. ಔಷಧಿ ನೆರವು ಶುರುವಾಗುವ ಮೊದಲೇ ಸತ್ತಿತು. ಕೂಗಾಡಿದವರಲ್ಲಿ ತುಂಬಾ ಜನ ಹೇಗೋ ನಿಭಾಯಿಸುವಂಥವರು. ಕಳೆದುಕೊಂಡವರು ಮಾತ್ರ ಬಡ ಹಿರಿಯರು. ಅವರ ದನಿ ಆ ರಸ್ತೆಯಲ್ಲಿ ಕೇಳಿಸಲೇ ಇಲ್ಲ. ನನಗೆ ಈ ಇಡೀ ಕಥೆಯಲ್ಲಿ ಜಾಸ್ತಿ ಸಂಕಟ ಕೊಡುವುದು ಇದೇ.

ಮುಂದೆ ಹತ್ತು ವರ್ಷಕ್ಕೂ ಮೇಲೆ ದೊಡ್ಡ ಹೆಜ್ಜೆ ಯಾವುದೂ ಬೀಳಲಿಲ್ಲ. ಔಷಧಿ ದರ ಏರುತ್ತಲೇ ಹೋಯಿತು. ಗಡಿಯ ಹತ್ತಿರದ ರಾಜ್ಯಗಳ ಹಿರಿಯರು ಬಸ್ಸು ಮಾಡಿಕೊಂಡು ಕೆನಡಾಕ್ಕೆ ಹೋಗಿ ಮಾತ್ರೆ ತರತೊಡಗಿದರು. ಅದೇ ಮಾತ್ರೆ, ಅಲ್ಲಿ ಅಗ್ಗ.

ಕೊನೆಗೆ 2003ರ ಡಿಸೆಂಬರ್ 8ರಂದು ಜಾರ್ಜ್ ಡಬ್ಲ್ಯೂ. ಬುಷ್ ಹೊಸ ಕಾಯ್ದೆಗೆ ಸಹಿ ಹಾಕಿದರು. ಮೆಡಿಕೇರ್‌ಗೆ ‘ಪಾರ್ಟ್ ಡಿ’ ಸೇರಿತು. ಖಾಸಗಿ ಕಂಪನಿಗಳು ಔಷಧಿ ವಿಮೆ ಕೊಡುತ್ತವೆ, ಸರ್ಕಾರ ಬಹುಪಾಲು ಖರ್ಚು ಹೊರುತ್ತದೆ. ಅದರೊಳಗೆ ಕಡಿಮೆ ಆದಾಯದವರಿಗೆಂದೇ ಇಟ್ಟದ್ದು ‘ಎಕ್ಸ್‌ಟ್ರಾ ಹೆಲ್ಪ್’. 2006ರಲ್ಲಿ ಬೇರೆಯವರು ಒಟ್ಟು ಔಷಧಿ ಖರ್ಚು 2,250 ಡಾಲರ್ ದಾಟಿದ ಮೇಲೆ, 5,100 ಆಗುವ ತನಕ ಎಲ್ಲವನ್ನೂ ತಾವೇ ಕಟ್ಟಬೇಕಿತ್ತು. ಜನ ಇದಕ್ಕೆ ‘ಡೋನಟ್ ಹೋಲ್’, ಅಂದರೆ ಡೋನಟ್ ತಿಂಡಿಯ ನಡುವಿನ ತೂತು ಅಂದರು. ಎಕ್ಸ್‌ಟ್ರಾ ಹೆಲ್ಪ್ ಇದ್ದವರನ್ನು ಆ ಗುಂಡಿ ನುಂಗಲಿಲ್ಲ.

ಶುರುವಿನ ದಿನಗಳು ಮಾತ್ರ ಕೆಟ್ಟದಾಗಿದ್ದವು. ಮೆಡಿಕೈಡ್‌ನಲ್ಲಿದ್ದ ಸುಮಾರು 60 ಲಕ್ಷ ಜನರನ್ನು 2006ರ ಜನವರಿ 1ರಂದು ಒಂದೇ ಏಟಿಗೆ ಹೊಸ ವ್ಯವಸ್ಥೆಗೆ ದಾಟಿಸಿದರು. ಅಂಗಡಿಯ ಕಂಪ್ಯೂಟರಿನಲ್ಲಿ ಹಲವರ ಹೆಸರೇ ಇಲ್ಲ. ಕೆಲವರ ಹೆಸರಿದೆ, ನೆರವಿನ ವಿವರ ಇಲ್ಲ. ವರ್ಷಗಳಿಂದ ಮಾತ್ರೆ ಒಯ್ಯುತ್ತಿದ್ದವರು ಕೌಂಟರಿನಿಂದ ಬರಿಗೈಲಿ ಹಿಂದಿರುಗಿದರು. ಹಲವು ರಾಜ್ಯಗಳು ತುರ್ತಾಗಿ ತಮ್ಮ ದುಡ್ಡು ಹಾಕಿ ಔಷಧಿ ಕೊಡಿಸಿದವು.

ಇನ್ನೊಂದು ತೊಡಕು ನಿಯಮದೊಳಗೇ ಇತ್ತು. ಆದಾಯ ಕಡಿಮೆ ಇದ್ದರೆ ಸಾಲದು, ಉಳಿತಾಯವೂ ಕಡಿಮೆ ಇರಬೇಕು. ಮೊದಮೊದಲು ಜೀವವಿಮೆ ಪಾಲಿಸಿಯನ್ನೂ ಆಸ್ತಿ ಅಂತ ಎಣಿಸುತ್ತಿದ್ದರು. ಮಗಳೋ ತಮ್ಮನೋ ದಿನಸಿ ತಂದುಕೊಟ್ಟರೆ ಅದೂ ಆದಾಯದ ಲೆಕ್ಕಕ್ಕೆ ಬರುತ್ತಿತ್ತು! 2008ರ ಕಾಯ್ದೆಯೊಂದು ಇವೆರಡನ್ನೂ ತೆಗೆದುಹಾಕಿತು, 2010ರಿಂದ ಅದು ಜಾರಿಗೆ ಬಂತು.

2022ರ ಆಗಸ್ಟ್‌ನಲ್ಲಿ ಜೋ ಬೈಡನ್ ಸಹಿ ಹಾಕಿದ ಕಾಯ್ದೆ ಇನ್ನೂ ದೊಡ್ಡದು. ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್ ಮಿತಿ. 2025ರಿಂದ ವರ್ಷಕ್ಕೆ ಕೈಯಿಂದ ಕೊಡುವುದಕ್ಕೂ ಮಿತಿ ಬಂತು, ಆ ವರ್ಷ ಅದು 2,000 ಡಾಲರ್ ಇತ್ತು. ಎಕ್ಸ್‌ಟ್ರಾ ಹೆಲ್ಪ್‌ನಲ್ಲಿ ಮುಂಚೆ ಪೂರ್ತಿ ನೆರವು, ಅರೆ ನೆರವು ಅಂತ ಎರಡು ದರ್ಜೆ ಇದ್ದವು. 2024ರಿಂದ ಬಡತನದ ರೇಖೆಯ ಒಂದೂವರೆ ಪಟ್ಟಿನ ತನಕ ಆದಾಯ ಇರುವವರಿಗೆಲ್ಲ ಪೂರ್ತಿ ನೆರವೇ. 2025ರ ಲೆಕ್ಕದಲ್ಲಿ ಒಬ್ಬರಿಗೆ ವರ್ಷಕ್ಕೆ 23,475 ಡಾಲರ್, ಗಂಡ ಹೆಂಡತಿಗೆ 31,725. ಆ ವರ್ಷ ಇವರು ಒಂದು ಸಲಕ್ಕೆ ಜೆನೆರಿಕ್ ಔಷಧಿಗೆ 4.90 ಡಾಲರ್, ಬ್ರ್ಯಾಂಡ್ ಔಷಧಿಗೆ 12.15 ಡಾಲರ್‌ಗಿಂತ ಜಾಸ್ತಿ ಕೊಡಬೇಕಿರಲಿಲ್ಲ.

ಆದರೆ ಉಳಿತಾಯದ ಪರೀಕ್ಷೆ ಹೋಗಿಲ್ಲ. 2025ರಲ್ಲಿ ಒಬ್ಬರಿಗೆ ಮಿತಿ, ಅಂತ್ಯಕ್ರಿಯೆಗೆಂದು ಬಿಡುವ 1,500 ಡಾಲರ್ ಸೇರಿಸಿಯೇ, 17,600 ಡಾಲರ್ ಇತ್ತು. ಇರುವ ಮನೆ, ಓಡಿಸುವ ಕಾರು ಲೆಕ್ಕಕ್ಕಿಲ್ಲ, ಬ್ಯಾಂಕಿನ ದುಡ್ಡು ಲೆಕ್ಕಕ್ಕುಂಟು. ಜೀವಮಾನವಿಡೀ ಹೊಟ್ಟೆಬಟ್ಟೆ ಕಟ್ಟಿ 20,000 ಡಾಲರ್ ಉಳಿಸಿದವರನ್ನು ಈ ಗೆರೆ ಹೊರಗಿಡುತ್ತದೆ. ಇದು ಸರಿಯಲ್ಲ, ತೆಗೆಯಲೇಬೇಕು ಅಂತ ನಾನು ನಂಬುತ್ತೇನೆ.

ಮೆಡಿಕೈಡ್ ಇದ್ದವರಿಗೆ ಈ ನೆರವು ತಾನಾಗಿಯೇ ಬರುತ್ತದೆ. ಉಳಿದವರು ಹೆಚ್ಚಾಗಿ ಸರ್ಕಾರಿ ಪಿಂಚಣಿ ನೋಡಿಕೊಳ್ಳುವ ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಅರ್ಜಿ ಹಾಕಬೇಕು. ಅರ್ಹರಾಗಿದ್ದೂ ಹಾಕದವರು ಬಹಳ ಜನ ಇದ್ದಾರೆ. ಆ ಅರ್ಜಿಯ ಹೆಸರು ಎಸ್‌ಎಸ್‌ಎ-1020. ಅದರಲ್ಲಿ ಬ್ಯಾಂಕ್ ಲೆಕ್ಕ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ: ಈ ಹಣದಲ್ಲಿ ಸ್ವಲ್ಪವನ್ನು ನಿಮ್ಮ ಅಂತ್ಯಕ್ರಿಯೆಗೆ ಬಳಸುತ್ತೀರಾ? ಹೌದು ಎಂದು ಗುರುತು ಹಾಕಿದರೆ ಒಬ್ಬರಿಗೆ 1,500 ಡಾಲರ್ ಲೆಕ್ಕದಿಂದ ಬಿಡುತ್ತಾರೆ.