ಕೆಂಪು ಎಳೆ ಮಾಸಿ ಕಂಡಾಗ

“ಮೇಡಂ, ಒಂದೇ ಲಡಿ ರೇಷ್ಮೆ. ಎಡಗಣ್ಣಾಗೆ ನೋಡಿದ್ರೆ ಕೆಂಪು, ಬಲಗಣ್ಣಾಗೆ ನೋಡಿದ್ರೆ ತೊಳೆದಂಗೆ ಕಾಣ್ತೈತೆ.”

ಮೊಳಕಾಲ್ಮುರು ಕಡೆಯಿಂದ ದಾವಣಗೆರೆಗೆ ಬಂದಿದ್ದ ಆ ನೇಕಾರ ಹೆಣ್ಣುಮಗಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಕಣ್ಣುಗುಡ್ಡೆ ಹೊರಳಿಸಿದರೆ ನೋವು. ಬಿಸಿಲಲ್ಲಿ ನಡೆದು ಬಂದರೆ, ತಲೆಗೆ ಬಿಸಿನೀರು ಹುಯ್ದುಕೊಂಡರೆ ಮಂಜು ಹೆಚ್ಚು. ಯಾರೋ ಕನ್ನಡಕದ ನಂಬರು ಬದಲಿಸಿಕೊಟ್ಟಿದ್ದರು. ಆಗಿದ್ದದ್ದು ಕಣ್ಣಿನ ನರದ ಉರಿಯೂತ. ಅದರ ಹಿಂದೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇತ್ತೆಂದು ಎಂಆರ್‌ಐ ಆದಮೇಲೆ ತಿಳಿಯಿತು. ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ನರಗಳ ಹೊದಿಕೆಯನ್ನು ಕೆಡಿಸುವ ಕಾಯಿಲೆ ಅದು.

ಮಿದುಳಿನ ಕಾಯಿಲೆಗೆ ಕಣ್ಣಿನ ಸ್ಕ್ಯಾನ್ ಯಾಕೆ ಎಂದು ಅವಳ ಗಂಡ ಕೇಳಿದರು. ಅಕ್ಷಿಪಟಲ, ಅಂದರೆ ರೆಟಿನಾ, ಮಿದುಳಿನದೇ ತುಂಡು. ತಾಯಿಯ ಹೊಟ್ಟೆಯಲ್ಲಿದ್ದಾಗ ಮಿದುಳಿನಿಂದಲೇ ಚಾಚಿ ಬೆಳೆದದ್ದು. ಅಲ್ಲಿಂದ ಸುಮಾರು ಹತ್ತು ಹನ್ನೆರಡು ಲಕ್ಷ ಎಳೆಗಳು ಒಟ್ಟಾಗಿ ಕಣ್ಣಿನ ನರವಾಗಿ ಮಿದುಳಿಗೆ ಹೋಗುತ್ತವೆ. ನರದೊಳಗೆ ಈ ಎಳೆಗಳಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಅಕ್ಷಿಪಟಲದಲ್ಲಿ ಅವು ಸಾಮಾನ್ಯವಾಗಿ ಬರಿಯ ಎಳೆಗಳು. ಹಾಗಾಗಿ ಅಲ್ಲಿನ ಪದರ ಎಷ್ಟು ತೆಳುವಾಯಿತು ಎಂದು ಅಳೆದರೆ, ಎಷ್ಟು ಎಳೆ ಸತ್ತವು ಎಂಬ ಅಂದಾಜು ನೇರವಾಗಿ ಸಿಗುತ್ತದೆ.

ಅಳೆಯುವ ಯಂತ್ರದ ಹೆಸರು ಓಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ). 1991ರಲ್ಲಿ ಅಮೆರಿಕದ ಎಂಐಟಿಯ ತಂಡ ಇದನ್ನು ಲೋಕದ ಮುಂದಿಟ್ಟಿತು. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಶಬ್ದದ ಅಲೆ ಮಾಡುವ ಕೆಲಸವನ್ನು ಇಲ್ಲಿ ಬೆಳಕು ಮಾಡುತ್ತದೆ. ಸೂಜಿ ಇಲ್ಲ, ಎಕ್ಸ್‌ರೇ ಇಲ್ಲ; ಗಲ್ಲ ಊರಿ ಕುಳಿತು ಚುಕ್ಕೆ ನೋಡಿದರೆ ಕೆಲವೇ ನಿಮಿಷ. ನಮ್ಮಲ್ಲಿ ಸಕ್ಕರೆ ಕಾಯಿಲೆಯವರಿಗೂ ಗ್ಲಾಕೋಮಾದವರಿಗೂ ದಿನವೂ ಮಾಡುವ ಸ್ಕ್ಯಾನೇ ಇದು.

ಮೊದಲ ದಿನ ಅವಳ ಎಡಗಣ್ಣಿನ ನರತಂತುಗಳ ಪದರ 99 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು), ನೋವಿದ್ದ ಬಲಗಣ್ಣಿನದು 118. ಕೆಟ್ಟ ಕಣ್ಣಿನಲ್ಲೇ ಹೆಚ್ಚು! ಅದು ಊತ. ಊತ ಇಳಿದಮೇಲೆ ನಷ್ಟ ಬಯಲಾಗುತ್ತದೆ: ಆರು ತಿಂಗಳಿಗೆ 81. ಈ ಮೋಸ ತಪ್ಪಿಸಲು ನಾನು ಅಕ್ಷಿಪಟಲದ ನಡುಭಾಗದ ಗ್ಯಾಂಗ್ಲಿಯನ್ ಕೋಶಗಳ, ಅಂದರೆ ಈ ಎಳೆಗಳು ಹುಟ್ಟುವ ಕೋಶಗಳ, ಪದರವನ್ನೂ ಅಳೆಯುತ್ತೇನೆ. ಅದು ಹೀಗೆ ಊದಿಕೊಂಡು ದಾರಿ ತಪ್ಪಿಸುವುದು ಕಡಿಮೆ, ಕೆಲವೇ ವಾರಗಳಲ್ಲಿ ನಿಜ ಹೇಳುತ್ತದೆ. ಅಷ್ಟರಲ್ಲಿ ಅವಳು ಚಾರ್ಟಿನ ಕೊನೆಯ ಸಾಲನ್ನು ಸರಾಗ ಓದುತ್ತಿದ್ದಳು. ದೃಷ್ಟಿ ಮರಳಿದರೂ ಎಳೆಗಳು ಮರಳಿರಲಿಲ್ಲ.

ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಹಲವು ವರ್ಷಗಳ ಹಿಂದೆ ಒಬ್ಬ ಯುವಕನ ರಿಪೋರ್ಟು ಪೂರ್ತಿ ಹಸಿರಾಗಿ ಬಂತು: ಒಂದು ಕಣ್ಣು 97, ಇನ್ನೊಂದು 88. ಹಸಿರೆಂದರೆ ನಾರ್ಮಲ್ ಎಂದು ಕಳಿಸಿಬಿಟ್ಟೆ. ಆ ಹಸಿರು ನಮ್ಮ ಕಣ್ಣನ್ನು ಊರ ಮಂದಿಯ ಕಣ್ಣಿಗೆ ಹೋಲಿಸಿ ಕೊಟ್ಟ ಬಣ್ಣ. 110ರಿಂದ ಶುರುವಾದ ಕಣ್ಣು 20 ಕಳೆದುಕೊಂಡರೂ ಹಸಿರಿನಲ್ಲೇ ಉಳಿಯಬಹುದು. ಎರಡು ಕಣ್ಣಿನ ನಡುವೆ ಐದಾರು ಮೈಕ್ರಾನ್‌ಗಿಂತ ಹೆಚ್ಚು ಅಂತರವಿದ್ದರೆ, ಹಿಂದೆಂದೋ ಒಂದು ಕಣ್ಣಿನ ನರಕ್ಕೆ ಪೆಟ್ಟು ಬಿದ್ದಿರಬಹುದೆಂದು ಅನುಮಾನಿಸಬೇಕು. ಆ ಯುವಕ ಮತ್ತೆ ಬಂದಾಗ ಕಾಲು ಜೋಮು ಹಿಡಿದಿತ್ತು. ಇವತ್ತಿಗೂ ಬಣ್ಣ ನೋಡುವ ಮೊದಲು ಅಂಕಿ ನೋಡುತ್ತೇನೆ.

ಎಂಎಸ್ ಪತ್ತೆಗೆ ಬಳಸುವ ಮೆಕ್‌ಡೊನಾಲ್ಡ್ ಮಾನದಂಡಗಳ 2024ರ ಪರಿಷ್ಕರಣೆಯಲ್ಲಿ ಕಾಯಿಲೆಯ ಗುರುತು ಹುಡುಕುವ ಐದನೆಯ ಜಾಗವಾಗಿ ಕಣ್ಣಿನ ನರವೂ ಸೇರಿದೆ. ಅದಕ್ಕೆ ಓಸಿಟಿಯ ಪುರಾವೆಯೂ ನಡೆಯುತ್ತದೆ. ಹಾಗೆಂದು ಎಂಆರ್‌ಐ ಬಿಡುವಂತಿಲ್ಲ. ಇದೇ ಗುಂಪಿನ, ಕಣ್ಣಿನ ನರವನ್ನೂ ಬೆನ್ನುಹುರಿಯನ್ನೂ ಕಾಡುವ ಎನ್‌ಎಂಓ (ನ್ಯೂರೋಮೈಲೈಟಿಸ್ ಆಪ್ಟಿಕಾ) ಕಾಯಿಲೆಯ ನಡೆ ಬೇರೆ. ಎಂಎಸ್‌ನಲ್ಲಿ ದಾಳಿ ಇಲ್ಲದಾಗಲೂ ಪದರ ನಿಧಾನಕ್ಕೆ ಸವೆಯಬಹುದು. ಎನ್‌ಎಂಓದಲ್ಲಿ ಒಂದೇ ದಾಳಿ ಬಹಳಷ್ಟನ್ನು ಕಿತ್ತುಕೊಂಡು ಹೋಗುತ್ತದೆ. ಅಲ್ಲಿ ಮುಂದಿನ ದಾಳಿ ತಡೆಯುವುದೇ ಮುಖ್ಯ, ರಕ್ತದಲ್ಲಿ ಅದರ ಗುರುತಾದ ಅಕ್ವಾಪೊರಿನ್-4 ಆಂಟಿಬಾಡಿ ಇದೆಯೇ ಎಂದು ನೋಡಲೇಬೇಕು. ಎಂಎಸ್‌ನ ಕೆಲವು ಔಷಧಿಗಳು ನುಂಗುವ ಮಾತ್ರೆಗಳಲ್ಲ, ಚುಚ್ಚುಮದ್ದು. ಯಾವುದು ಯಾರಿಗೆಂದು ನರತಜ್ಞರು ತೀರ್ಮಾನಿಸುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಮಾತ್ರೆ ನುಂಗುವುದು ಮಾತ್ರ ಬೇಡವೇ ಬೇಡ. ಸಾಮಾನ್ಯ ಪ್ರಮಾಣದ ಮಾತ್ರೆಯನ್ನಷ್ಟೇ ಕೊಟ್ಟವರಲ್ಲಿ ಉರಿಯೂತ ಮರುಕಳಿಸಿದ್ದು ಹೆಚ್ಚು ಎಂದು 1992ರಲ್ಲೇ ಅಮೆರಿಕದ ದೊಡ್ಡ ಪ್ರಯೋಗವೊಂದು ತೋರಿಸಿತ್ತು.

ಗ್ಲಾಕೋಮಾ, ಸಕ್ಕರೆ ಕಾಯಿಲೆಯ ಊತ, ದೊಡ್ಡ ಮೈನಸ್ ನಂಬರು ಇವೂ ಅಂಕಿಯನ್ನು ಏರುಪೇರು ಮಾಡುತ್ತವೆ. ಒಂದು ಕಂಪನಿಯ ಯಂತ್ರದ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಲಾಗದು. ಆದ್ದರಿಂದ ಸಾಧ್ಯವಾದಷ್ಟೂ ಅದೇ ಯಂತ್ರದಲ್ಲಿ ಮಾಡಿಸಿ. ಹಳೆಯ ರಿಪೋರ್ಟು ಮಾಸಿದ್ದರೂ ಎಸೆಯಬೇಡಿ.

ನಮ್ಮ ನೇಕಾರಳು ಎಲ್ಲವನ್ನೂ ಸೀರೆಯ ಪ್ಲಾಸ್ಟಿಕ್ ಕವರಿನಲ್ಲಿಟ್ಟು ತರುತ್ತಾಳೆ. ಮೊನ್ನೆ ಬಲಗಣ್ಣು 80 ಬಂತು.

“ಒಂದು ಕಮ್ಮಿ ಆಗೈತಲ್ಲ ಮೇಡಂ?”

ಒಂದೆರಡು ಮೈಕ್ರಾನ್ ಯಂತ್ರದ್ದೇ ವ್ಯತ್ಯಾಸ ಎಂದೆ. ನಂಬಿಕೆ ಬರಲಿಲ್ಲ. ಅಲ್ಲೇ ಇನ್ನೊಮ್ಮೆ ಕೂರಿಸಿ ಸ್ಕ್ಯಾನ್ ಮಾಡಿದೆ. 81.