ಜ್ವಾಲಾಮುಖಿ ಚಳಿಗಾಲ ಅಂದ್ರೇನು? ಬೆಂಕಿ ಕಾರೋ ಬೆಟ್ಟ ಭೂಮಿನ ತಣ್ಣಗೆ ಮಾಡೋದು ಹೇಗೆ?

2025ರ ನವೆಂಬರ್‌ನಲ್ಲಿ ಇಥಿಯೋಪಿಯಾದ ಹೈಲಿ ಗುಬ್ಬಿ ಅನ್ನೋ ಜ್ವಾಲಾಮುಖಿ ಸಿಡಿದು, ಅದರ ಬೂದಿ ಕೆಂಪು ಸಮುದ್ರ ದಾಟಿ ಯೆಮೆನ್, ಓಮಾನ್ ಮೇಲಿಂದ ದಿಲ್ಲಿ ಕಡೆಗೆ ಬಂತಲ್ಲ, ಒಂದಷ್ಟು ಫ್ಲೈಟ್‌ಗಳೂ ಕ್ಯಾನ್ಸಲ್ ಆದವು, ಆಗ ಸುಮಾರು ಜನ ಕೇಳಿದ ಪ್ರಶ್ನೆ ಒಂದೇ: ಇದರಿಂದ ಈ ವರ್ಷ ಚಳಿ ಜಾಸ್ತಿ ಆಗುತ್ತಾ, ಮಳೆ ಕೈಕೊಡುತ್ತಾ ಅಂತ. ಆ ಸಿಡಿತಕ್ಕೆ ಅಷ್ಟು ತಾಕತ್ತಿರಲಿಲ್ಲ ಬಿಡಿ. ಆದ್ರೆ ಪ್ರಶ್ನೆ ಮಾತ್ರ ಸರಿಯಾದದ್ದೇ, ಯಾಕಂದ್ರೆ ಎಲ್ಲೋ ಒಂದು ದ್ವೀಪದಲ್ಲಿ ಬೆಟ್ಟ ಸಿಡಿದು, ಅದರ ಹೆಸರೂ ಕೇಳದ ಜನರ ಹೊಲದಲ್ಲಿ ಬೆಳೆ ಹೋದದ್ದು ನಿಜವಾಗ್ಲೂ ನಡೆದಿದೆ, ಒಂದು ಸಲ ಅಲ್ಲ, ಹಲವು ಸಲ.

ಇದಕ್ಕೇ ಜ್ವಾಲಾಮುಖಿ ಚಳಿಗಾಲ ಅನ್ನೋದು. ಅಂದ್ರೆ ದೊಡ್ಡ ಜ್ವಾಲಾಮುಖಿ ಸಿಡಿದಾದ ಮೇಲೆ ಒಂದರಿಂದ ಮೂರು ವರ್ಷದ ತನಕ ಭೂಮಿಯ ಸರಾಸರಿ ಉಷ್ಣಾಂಶ ಇಳಿದು ಹವಾಮಾನ ಏರುಪೇರಾಗೋದು. ಚಳಿಗಾಲ ಅಂದ ಮಾತ್ರಕ್ಕೆ ವರ್ಷಪೂರ್ತಿ ಎಲ್ಲಾ ಕಡೆ ಹಿಮ ಬೀಳುತ್ತೆ ಅಂತಲ್ಲ. ಇಡೀ ಭೂಮಿ ಲೆಕ್ಕದಲ್ಲಿ ಇಳಿಯೋದು ಅರ್ಧ ಡಿಗ್ರಿ ಆಸುಪಾಸು ಅಷ್ಟೆ. ಕೇಳೋಕೆ ಏನೂ ಅಲ್ಲ ಅನ್ಸುತ್ತೆ, ಆದ್ರೆ ಸರಾಸರಿ ಅರ್ಧ ಡಿಗ್ರಿ ಅಂದ್ರೆ ಒಂದು ಕಡೆ ಏನೂ ಗೊತ್ತಾಗದೆ ಇರಬಹುದು, ಇನ್ನೊಂದು ಕಡೆ ಬೇಸಿಗೆ ಎರಡು ಮೂರು ಡಿಗ್ರಿ ತಣ್ಣಗಾಗಿರಬಹುದು, ಪೈರು ತೆನೆ ಕಟ್ಟೋ ಹೊತ್ತಲ್ಲಿ ಒಂದೇ ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿದ್ರೂ ಆ ವರ್ಷದ ಅನ್ನ ಹೋದ ಹಾಗೆ.

ಬೂದಿ ಮೇಲೆ ಹೋಗಿ ಸೂರ್ಯನ್ನ ಮುಚ್ಚೋದ್ರಿಂದ ತಣ್ಣಗಾಗುತ್ತೆ ಅಂತ ಬಹಳ ಜನ ಅಂದ್ಕೊಂಡಿರ್ತಾರೆ. ಬೂದಿ ಅಂದ್ರೆ ಒಲೆ ಬೂದಿ ತರ ಹಗುರ ಅಲ್ಲ ಅದು, ಕಲ್ಲು, ಗಾಜಿನ ಪುಡಿ, ಹೆಚ್ಚಿನದೆಲ್ಲ ದಿನಗಳಲ್ಲೋ ವಾರಗಳಲ್ಲೋ ನೆಲಕ್ಕೆ ಬಿದ್ದುಬಿಡುತ್ತೆ. ಅಸಲಿ ಕೆಲಸ ಮಾಡೋದು ಗಂಧಕ. ಜ್ವಾಲಾಮುಖಿಯಿಂದ ಬರೋ ಸಲ್ಫರ್ ಡೈಆಕ್ಸೈಡ್ ಅನಿಲ ಸ್ಟ್ರಾಟೋಸ್ಫಿಯರ್ ಅನ್ನೋ ವಾತಾವರಣದ ಮೇಲಿನ ಪದರದ ತನಕ ಹೋದ್ರೆ, ಅಂದ್ರೆ ಉಷ್ಣವಲಯದಲ್ಲಾದ್ರೆ ಸುಮಾರು 17 ಕಿಲೋಮೀಟರ್‌ಗಿಂತ ಮೇಲಕ್ಕೆ, ಅಲ್ಲಿ ಅದು ನೀರಿನ ಆವಿ ಜೊತೆ ಸೇರಿ ಗಂಧಕಾಮ್ಲದ ಅತಿ ಸಣ್ಣ ಹನಿಗಳಾಗುತ್ತೆ. ಅಷ್ಟು ಮೇಲೆ ಮೋಡ ಇಲ್ಲ, ಮಳೆ ಇಲ್ಲ, ತೊಳೆದು ಕೆಳಗೆ ತರೋಕೆ ಏನೂ ಇಲ್ಲ, ಹಾಗಾಗಿ ಆ ಹನಿಗಳು ವರ್ಷಗಟ್ಟಲೆ ಅಲ್ಲೇ ತೇಲ್ತಾ ಭೂಮಿ ಸುತ್ತ ಹರಡ್ಕೊಂಡು ಬರೋ ಬಿಸಿಲಲ್ಲಿ ಸ್ವಲ್ಪ ಭಾಗಾನ ವಾಪಸ್ ಮೇಲಕ್ಕೆ ಚೆದುರಿಸ್ತವೆ. ಮಾಳಿಗೆ ಮೇಲೆ ಸಂಡಿಗೆ ಹಾಕಿ ಮೇಲೊಂದು ತೆಳ್ಳನೆ ಸೀರೆ ಹೊದಿಸಿದ ಹಾಗೆ: ಬಿಸಿಲು ಇರುತ್ತೆ, ಒಣಗೋದು ಮಾತ್ರ ತಡ.

ಅದಕ್ಕೇ ಸದ್ದು ಎಷ್ಟು ದೊಡ್ಡದು, ಲಾವಾ ಎಷ್ಟು ಹರೀತು ಅನ್ನೋದಕ್ಕಿಂತ ಅನಿಲ ಎಷ್ಟು ಎತ್ತರಕ್ಕೆ ಹೋಯ್ತು, ಗಂಧಕ ಎಷ್ಟಿತ್ತು, ಬೆಟ್ಟ ಸಮಭಾಜಕ ವೃತ್ತಕ್ಕೆ ಎಷ್ಟು ಹತ್ತಿರ ಇತ್ತು ಅನ್ನೋದು ಮುಖ್ಯ. ಹತ್ತಿರ ಇದ್ರೆ ಗಾಳಿಯ ಹರಿವು ಆ ಹನಿಗಳನ್ನ ಎರಡೂ ಗೋಳಾರ್ಧಕ್ಕೆ ಹಂಚಿಬಿಡುತ್ತೆ. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಯುರೋಪಿನಲ್ಲಿ ಲಕ್ಷದಷ್ಟು ವಿಮಾನಗಳನ್ನ ನಿಲ್ಲಿಸ್ತು, ಟಿವಿ ತುಂಬಾ ಅದೇ ಸುದ್ದಿ, ಆದ್ರೆ ಹವಾಮಾನದ ಮೇಲೆ ಲೆಕ್ಕಕ್ಕೆ ಬರೋ ಅಷ್ಟು ಪರಿಣಾಮ ಆಗಲಿಲ್ಲ, ಯಾಕಂದ್ರೆ ಹೊಗೆ ಅಷ್ಟು ಎತ್ತರಕ್ಕೆ ಹೋಗಲಿಲ್ಲ, ಗಂಧಕಾನೂ ಕಮ್ಮಿ.

ಈಗ ತಂಬೋರಾ ವಿಷಯಕ್ಕೆ ಬರೋಣ, ಇದನ್ನ ಬಿಟ್ಟು ಈ ಪದ ಅರ್ಥ ಮಾಡಿಸೋಕೆ ನನಗೆ ಆಗಲ್ಲ. ಇಂಡೋನೇಷ್ಯಾದ ಸುಂಬಾವಾ ದ್ವೀಪದ ಬೆಟ್ಟ ಇದು, ಸುಮಾರು 4300 ಮೀಟರ್ ಎತ್ತರ ಇತ್ತು ಅಂತ ಅಂದಾಜು. 1815ರ ಏಪ್ರಿಲ್ 5ಕ್ಕೆ ಮೊದಲ ಸಿಡಿತ. ಆಗ ಜಾವಾ ಬ್ರಿಟಿಷರ ಕೈಯಲ್ಲಿತ್ತು, ಅಲ್ಲಿ ಸದ್ದು ಕೇಳಿ ಫಿರಂಗಿ ಅಂದ್ಕೊಂಡು ಯೋಗ್ಯಕರ್ತಾದಿಂದ ಸೈನ್ಯದ ತುಕಡಿ ಹೊರಟೇಬಿಟ್ಟಿತ್ತು, ಕರಾವಳಿಯಲ್ಲಿ ಯಾವುದೋ ಹಡಗು ಅಪಾಯದಲ್ಲಿದೆ ಅಂತ ದೋಣಿಗಳನ್ನೂ ಕಳಿಸಿದ್ರು. 10ನೇ ತಾರೀಖು ಸಂಜೆ ಏಳರ ಹೊತ್ತಿಗೆ ಬೆಟ್ಟದ ತುದಿಯಿಂದ ಮೂರು ಬೆಂಕಿ ಕಂಬ ಎದ್ದು ಮೇಲೆ ಒಂದಾದವು ಅಂತ ಪಕ್ಕದ ಸಂಗಾರ್‌ನ ರಾಜ ಹೇಳಿದ್ದು ದಾಖಲಾಗಿದೆ. ಆಮೇಲೆ ಕಲ್ಲಿನ ಮಳೆ, ಮರಗಳನ್ನ ಬೇರು ಸಮೇತ ಕಿತ್ತು ಮನುಷ್ಯರು, ಕುದುರೆ, ದನ ಎಲ್ಲಾನೂ ಎತ್ತಿ ಒಗೆದ ಸುಳಿಗಾಳಿ, ಉಕ್ಕಿ ಬಂದ ಸಮುದ್ರ. ಎಲ್ಲಾ ಮುಗಿದಾಗ ಬೆಟ್ಟದ ಮೇಲಿನ ಮೂರನೇ ಒಂದು ಭಾಗ ಇರಲಿಲ್ಲ, ಈಗ ಅದರ ಎತ್ತರ 2850 ಮೀಟರ್, ತುದಿ ಇದ್ದ ಕಡೆ 6 ಕಿಲೋಮೀಟರ್ ಅಗಲದ ಗುಂಡಿ. ತಂಬೋರಾ ಅನ್ನೋ ಪುಟ್ಟ ರಾಜ್ಯ ಜನರ ಸಮೇತ ಹೂತುಹೋಯ್ತು, ಅವರ ಭಾಷೇಲಿ ಇವತ್ತು ಉಳಿದಿರೋದು ಒಂದು ಚಿಕ್ಕ ಪದಪಟ್ಟಿ ಮಾತ್ರ.

ಆ ದಿನಗಳಲ್ಲಿ ನೇರವಾಗಿ ಸತ್ತವರು ಹತ್ತು ಹನ್ನೆರಡು ಸಾವಿರ ಅಂತ ಅಂದಾಜು. ಆಮೇಲೆ ಹಸಿವು ಮತ್ತೆ ಕಾಯಿಲೆಯಿಂದ ಸುಂಬಾವಾ, ಪಕ್ಕದ ಲೊಂಬೊಕ್‌ನಲ್ಲಿ ಹೋದವರನ್ನ ಸೇರಿಸಿದ್ರೆ ಎಪ್ಪತ್ತು ಸಾವಿರ ಮೀರುತ್ತೆ. ಜಾವಾದ ಗವರ್ನರ್ ಆಗಿದ್ದ ರಾಫಲ್ಸ್, ಓವೆನ್ ಫಿಲಿಪ್ಸ್ ಅನ್ನೋ ಅಧಿಕಾರಿ ಕೈಲಿ ಅಕ್ಕಿ ಕೊಟ್ಟು ಕಳಿಸಿದ್ದ. ಫಿಲಿಪ್ಸ್ ಬರೆದ ವರದಿ ಓದಿದ್ರೆ ಹೊಟ್ಟೆ ಹಿಂಡುತ್ತೆ: ದಾರಿ ಬದಿಗೆ ಹೆಣಗಳು, ಖಾಲಿ ಹಳ್ಳಿಗಳು, ಉಳಿದವರು ತಾಳೆ ಮರದ ತಿರುಳು, ಪಪ್ಪಾಯಿ ಕಾಂಡ, ಬಾಳೆದಿಂಡು ತಿಂದ್ಕೊಂಡು ಜೀವ ಹಿಡ್ಕೊಂಡಿದ್ರು, ಬೂದಿ ಬಿದ್ದ ನೀರು ಕುಡಿದು ಬೇಧಿ ಹತ್ತಿ ಜನ ಸಾಯ್ತಿದ್ರು. ಸಂಗಾರ್ ರಾಜನ ಮಗಳೇ ಹಸಿವಿನಿಂದ ತೀರಿಕೊಂಡಿದ್ಲು. ರಾಜನ ಮನೇಲೇ ಹೀಗಾದ್ರೆ ಬಾಕಿಯವರ ಪಾಡು ಏನಿರಬಹುದು ಯೋಚ್ನೆ ಮಾಡಿ.

ಮುಂದಿನ ವರ್ಷ, 1816. ಅದನ್ನ ಬೇಸಿಗೆ ಇಲ್ಲದ ವರ್ಷ ಅಂತ ಕರೀತಾರೆ. ಅಮೆರಿಕದ ಈಶಾನ್ಯ ಭಾಗದಲ್ಲಿ ಜೂನ್ ಮೊದಲ ವಾರದಲ್ಲಿ ಹಿಮ ಬಿತ್ತು, ಜುಲೈ, ಆಗಸ್ಟ್‌ನಲ್ಲೂ ರಾತ್ರಿ ಹೊಲ ಹೆಪ್ಪುಗಟ್ತಿತ್ತು, ಆಗಷ್ಟೇ ಉಣ್ಣೆ ಕತ್ತರಿಸಿದ್ದ ಕುರಿಗಳು ಚಳಿಗೆ ಸತ್ತವು, ಮೆಕ್ಕೆಜೋಳ ಹೋಯ್ತು, ಎಷ್ಟೋ ಕುಟುಂಬ ಗಂಟುಮೂಟೆ ಕಟ್ಕೊಂಡು ಪಶ್ಚಿಮದ ಒಹಾಯೋ ಕಡೆ ಗುಳೆ ಹೊರಟ್ರು. ಯುರೋಪಿನಲ್ಲಿ ಮಳೆ ನಿಲ್ಲಲೇ ಇಲ್ಲ, ಸ್ವಿಟ್ಜರ್ಲೆಂಡ್, ದಕ್ಷಿಣ ಜರ್ಮನಿಯಲ್ಲಿ ಧಾನ್ಯ ಹೊಲದಲ್ಲೇ ಕೊಳೀತು, ರೊಟ್ಟಿ ಬೆಲೆ ಏರಿ ಗಲಾಟೆಗಳಾದವು, ಐರ್ಲೆಂಡಿನಲ್ಲಿ ಕ್ಷಾಮದ ಬೆನ್ನಿಗೇ ಟೈಫಸ್ ಅನ್ನೋ ಸಾಂಕ್ರಾಮಿಕ ಜ್ವರ ಬಂತು. ಚೀನಾದ ಯುನ್ನಾನ್‌ನಲ್ಲಿ ಚಳಿಗೆ ಭತ್ತ ಹೋಗಿ ವರ್ಷಗಟ್ಟಲೆ ಕ್ಷಾಮ.

ನನ್ನ ಮನಸ್ಸಿಗೆ ಜಾಸ್ತಿ ತಟ್ಟೋದು ಅವರಲ್ಲಿ ಯಾರಿಗೂ ಕಾರಣ ಗೊತ್ತಿರಲಿಲ್ಲ ಅನ್ನೋದು. ಆಕಾಶದಲ್ಲಿ ಒಂದು ತರ ಒಣ ಮಬ್ಬು, ಅದರಿಂದ ಸೂರ್ಯನ ಕಲೆಗಳು ಬರಿಗಣ್ಣಿಗೇ ಕಾಣ್ತಿದ್ವು, ಹಾಗಾಗಿ ಸೂರ್ಯಂಗೇ ಏನೋ ಆಗಿದೆ ಅಂದ್ರು ಕೆಲವರು, ಸಿಡಿಲು ತಡೆಯೋಕೆ ಮನೆ ಮೇಲೆ ಹಾಕಿರೋ ಕಂಬಿಗಳೇ ಕಾರಣ ಅಂದ್ರು ಇನ್ನು ಕೆಲವರು. ತಂಬೋರಾಗೂ 1816ಕ್ಕೂ ಗಂಟು ಹಾಕಿ ಗಟ್ಟಿಯಾಗಿ ವಾದ ಮಾಡಿದ್ದು ಅಮೆರಿಕದ ಹವಾಮಾನ ಇಲಾಖೆಯ ವಿಲಿಯಂ ಹಂಫ್ರೀಸ್, ಅದು ನೂರು ವರ್ಷ ಆದ್ಮೇಲೆ, 20ನೇ ಶತಮಾನದ ಶುರುವಿನಲ್ಲಿ. ಕಾರಣ ಗೊತ್ತಿಲ್ಲದೆ ಇದ್ರೂ ಕೆಲವು ಕಡೆ ಒಳ್ಳೇ ಕೆಲಸಾನೂ ಆಯ್ತು, ಜರ್ಮನಿಯ ವ್ಯೂರ್ಟೆಂಬರ್ಗ್ ರಾಜ ವಿಲ್ಹೆಲ್ಮ್ ಆ ಕ್ಷಾಮ ನೋಡಿದ ಮೇಲೆ 1818ರಲ್ಲಿ ಹೋಹೆನ್‌ಹೈಮ್‌ನಲ್ಲಿ ಕೃಷಿ ಶಾಲೆ ಶುರು ಮಾಡಿದ, ಅದೇ ಈಗಿನ ಹೋಹೆನ್‌ಹೈಮ್ ಯೂನಿವರ್ಸಿಟಿ.

ತಂಬೋರಾ ಸಿಡಿಯೋಕೂ 32 ವರ್ಷ ಹಿಂದೆ ಐಸ್‌ಲ್ಯಾಂಡಿನ ಲಾಕಿಯಲ್ಲಿ ಆದದ್ದು ಬೇರೆ ತರ. ಬೆಟ್ಟ ಸಿಡಿದದ್ದಲ್ಲ, 1783ರ ಜೂನ್ 8ಕ್ಕೆ ನೆಲವೇ ಸುಮಾರು 27 ಕಿಲೋಮೀಟರ್ ಉದ್ದಕ್ಕೆ ಸೀಳಿ ಎಂಟು ತಿಂಗಳು ಲಾವಾ, ಅನಿಲ ಕಾರ್ತಾನೇ ಇತ್ತು. ಹೊರಗೆ ಬಂದ ಸಲ್ಫರ್ ಡೈಆಕ್ಸೈಡ್ ಹನ್ನೆರಡು ಕೋಟಿ ಟನ್ ಅಂತ ಅಂದಾಜು. ಜೊತೆಗೆ ಫ್ಲೋರಿನ್, ಅದು ಹುಲ್ಲಿನ ಮೇಲೆ ಕೂತು, ಹುಲ್ಲು ಮೇಯ್ದ ದನಕುರಿಗಳ ಹಲ್ಲು ಮೂಳೆ ಕೆಟ್ಟು ಸತ್ತವು, ಕುರಿಗಳಲ್ಲಿ ಹೆಚ್ಚುಕಮ್ಮಿ ನೂರಕ್ಕೆ ಎಂಬತ್ತು ಹೋದವು. ದನಕುರಿ ಮೇಲೇ ಬದುಕೋ ದೇಶ ಅದು, ಐದರಲ್ಲಿ ಒಬ್ಬರು ಹಸಿವಿನಿಂದ ಸತ್ರು. ದೂರದ ಈಜಿಪ್ಟ್‌ನಲ್ಲಿ ನೈಲ್ ನದಿ ತುಂಬಲಿಲ್ಲ, ಆರನೇ ಒಂದು ಭಾಗ ಜನ ಒಂದೋ ಸತ್ರು ಇಲ್ಲಾ ದೇಶ ಬಿಟ್ರು ಅಂತ ಫ್ರೆಂಚ್ ಪ್ರವಾಸಿ ವೊಲ್ನಿ ಬರೆದಿದ್ದಾನೆ.

ನೈಲ್ ಯಾಕೆ ಬತ್ತಬೇಕು ಅಂದ್ರೆ ಅಲ್ಲೇ ನಮಗೆ ಸಂಬಂಧಪಟ್ಟ ವಿಷಯ ಇರೋದು. ಬೇಸಿಗೆಯಲ್ಲಿ ನೆಲ ಸಮುದ್ರಕ್ಕಿಂತ ಜಾಸ್ತಿ ಕಾಯೋದ್ರಿಂದ ಮುಂಗಾರು ಗಾಳಿಗೆ ಎಳೆತ ಸಿಗುತ್ತೆ. ಬಿಸಿಲು ಕಮ್ಮಿಯಾದ್ರೆ ನೆಲ ಬೇಗ ತಣಿಯುತ್ತೆ, ಸಮುದ್ರ ಅಷ್ಟು ಬೇಗ ತಣಿಯಲ್ಲ, ಎರಡರ ನಡುವಿನ ಅಂತರ ಕಮ್ಮಿಯಾಗಿ ಮುಂಗಾರು ಸೊರಗುತ್ತೆ. ನೈಲ್ ತುಂಬಿಸೋ ಆಫ್ರಿಕಾದ ಮಳೆಗೂ ಇದೇ ಲೆಕ್ಕ, ನಮ್ಮದಕ್ಕೂ ಇದೇ. ಹಾಗಾಗಿ ಜ್ವಾಲಾಮುಖಿ ಚಳಿಗಾಲ ಅಂದ್ರೆ ನಮ್ಮಂಥ ಕಡೆ ಚಳಿಗಿಂತ ಮಳೆಯ ಚಿಂತೆ ದೊಡ್ಡದು. ಇದನ್ನ ವಿವರಿಸುವಾಗ ಯುರೋಪಿನ ಹಿಮದ ಕಥೆ ಮಾತ್ರ ಹೇಳಿ ನಿಲ್ಲಿಸೋದು ನನಗೆ ಸರಿ ಕಾಣಲ್ಲ.

ಇದೆಲ್ಲ ಹಳೇ ಕಾಲದ ಅಂದಾಜು ಅಲ್ವಾ ಅನ್ನೋರಿಗೆ ಫಿಲಿಪೀನ್ಸ್‌ನ ಪಿನಾಟುಬೊ ಇದೆ. 1991ರ ಜೂನ್ 15ಕ್ಕೆ ಅದು ಸಿಡಿದಾಗ ಉಪಗ್ರಹಗಳು ಮೇಲಿಂದ ಅಳೀತಾ ಇದ್ವು: ಸುಮಾರು ಒಂದೂವರೆ ಕೋಟಿ ಟನ್ ಸಲ್ಫರ್ ಡೈಆಕ್ಸೈಡ್, ಮೂರು ವಾರದಲ್ಲಿ ಆ ಮಬ್ಬು ಭೂಮಿಗೆ ಒಂದು ಸುತ್ತು ಹಾಕಿತ್ತು. ನಾಸಾದ ಜೇಮ್ಸ್ ಹ್ಯಾನ್ಸನ್ ತಂಡ ಕಂಪ್ಯೂಟರ್ ಮಾಡೆಲ್ ಹಾಕಿ ಭೂಮಿ ಅರ್ಧ ಡಿಗ್ರಿ ತಣ್ಣಗಾಗುತ್ತೆ ಅಂತ ಮೊದಲೇ ಹೇಳಿತ್ತು, 1992ರಲ್ಲಿ ಹೆಚ್ಚುಕಮ್ಮಿ ಅಷ್ಟೇ ಆಯ್ತು. ಅದೇ ವರ್ಷ ಭೂಮಿಯ ನೆಲದ ಭಾಗದಲ್ಲಿ ಒಟ್ಟು ಮಳೇನೂ ಇಳೀತು. ಅಲ್ಲಿ ಸಾವು ಮಾತ್ರ ನೂರಾರಕ್ಕೆ ನಿಲ್ತು, ಯಾಕಂದ್ರೆ ಫಿಲಿಪೀನ್ಸ್ ಮತ್ತೆ ಅಮೆರಿಕದ ಭೂವಿಜ್ಞಾನಿಗಳು ಮುಂಚೆನೇ ಎಚ್ಚರಿಸಿ ಸಾವಿರಾರು ಜನರನ್ನ ಖಾಲಿ ಮಾಡಿಸಿದ್ರು. ಸತ್ತವರಲ್ಲೂ ಬಹಳ ಜನ ಬೆಂಕಿಗೆ ಸತ್ತದ್ದಲ್ಲ, ಅವತ್ತೇ ಯುನ್ಯಾ ಚಂಡಮಾರುತದ ಮಳೆ ಸುರಿದು ಸೂರಿನ ಮೇಲಿದ್ದ ಬೂದಿ ನೆನೆದು ಭಾರವಾಗಿ ಮನೆಗಳು ಕುಸಿದು ಸತ್ತದ್ದು.

ಹಾಗಾದ್ರೆ ಬಿಸಿಯಾಗ್ತಿರೋ ಭೂಮಿಗೆ ಜ್ವಾಲಾಮುಖಿ ಒಳ್ಳೇದೇ ಅಲ್ವಾ ಅಂತ ಕೇಳ್ತಾರೆ. ಅಲ್ಲ. ಆ ತಂಪು ಎರಡು ಮೂರು ವರ್ಷಕ್ಕೆ ಕರಗಿ ಹೋಗುತ್ತೆ, ನಾವು ಬಿಟ್ಟ ಕಾರ್ಬನ್ ಡೈಆಕ್ಸೈಡ್ ನೂರಾರು ವರ್ಷ ಉಳಿಯುತ್ತೆ, ಮೇಲಿಂದ ಮಳೆ ಬೇರೆ ಕೆಡುತ್ತೆ. ಇನ್ನೊಂದು ವಾದ, ಜ್ವಾಲಾಮುಖಿಗಳೇ ನಮಗಿಂತ ಜಾಸ್ತಿ ಕಾರ್ಬನ್ ಬಿಡ್ತವೆ ಅನ್ನೋದು, ಅದೂ ಸುಳ್ಳು, ವರ್ಷಕ್ಕೆ ನಾವು ಬಿಡೋದರಲ್ಲಿ ನೂರಕ್ಕೆ ಒಂದು ಪಾಲೂ ಅವುಗಳದ್ದಲ್ಲ. ಎಲ್ಲಾ ಸಿಡಿತಾನೂ ಪಿನಾಟುಬೊ ತರಾನೇ ತಂಪು ಮಾಡುತ್ತೆ ಅಂತಾನೂ ಇಲ್ಲ, 2022ರ ಜನವರಿಯಲ್ಲಿ ಪೆಸಿಫಿಕ್ ಸಾಗರದ ಟೋಂಗಾ ಹತ್ತಿರ ಸಮುದ್ರದಡಿ ಸಿಡಿದ ಜ್ವಾಲಾಮುಖಿ ಗಂಧಕಕ್ಕಿಂತ ನೀರಾವಿನೇ ವಿಪರೀತ ಮೇಲಕ್ಕೆ ತಳ್ತು, ಸ್ಟ್ರಾಟೋಸ್ಫಿಯರ್‌ನಲ್ಲಿದ್ದ ನೀರಾವಿ ಸುಮಾರು ನೂರಕ್ಕೆ ಹತ್ತರಷ್ಟು ಜಾಸ್ತಿಯಾಯ್ತು. ನೀರಾವಿ ಶಾಖ ಹಿಡಿದಿಡೋ ಅನಿಲ.

ಕೊನೆಗೆ ಎಲ್ಲಕ್ಕಿಂತ ದೊಡ್ಡದು, ಸುಮಾತ್ರಾದ ಟೋಬಾ. ಸುಮಾರು 74,000 ವರ್ಷ ಹಿಂದೆ ಸಿಡಿದದ್ದು, ಅದು ಬಿಟ್ಟು ಹೋದ ಗುಂಡಿಯಲ್ಲಿ ಈಗ 100 ಕಿಲೋಮೀಟರ್ ಉದ್ದದ ಕೆರೆ ಇದೆ. ಅದರ ಬೂದಿ ನಮ್ಮ ನೆರೆಯಲ್ಲೇ ಇದೆ, ಆಂಧ್ರದ ಬನಗಾನಪಲ್ಲಿ ಹತ್ತಿರದ ಜ್ವಾಲಾಪುರಂನಲ್ಲಿ, ಎರಡು ಮೀಟರ್‌ಗೂ ದಪ್ಪ, ಸುತ್ತಲಿಂದ ಮಳೆಗೆ ಕೊಚ್ಚಿಕೊಂಡು ಬಂದು ತಗ್ಗಲ್ಲಿ ಶೇಖರ ಆದದ್ದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಪುರಾತತ್ವಜ್ಞ ಮೈಕೆಲ್ ಪೆಟ್ರಾಗ್ಲಿಯಾ ಮತ್ತೆ ಅವರ ತಂಡ ಅಲ್ಲಿ ಅಗೆದು 2007ರಲ್ಲಿ ಪ್ರಕಟ ಮಾಡಿದ್ರು. ಟೋಬಾದಿಂದ ಮನುಷ್ಯ ಕುಲವೇ ಹೆಚ್ಚುಕಮ್ಮಿ ಅಳಿದುಹೋಗಿತ್ತು ಅಂತ ಒಂದು ವಾದ ಗಟ್ಟಿಯಾಗಿ ನಡೀತಿದ್ದ ಕಾಲ ಅದು. ಇವರಿಗೆ ಸಿಕ್ಕಿದ್ದು ಬೂದಿ ಪದರದ ಕೆಳಗೂ ಕಲ್ಲಿನ ಹತ್ಯಾರು, ಮೇಲೂ ಕಲ್ಲಿನ ಹತ್ಯಾರು, ಎರಡೂ ಒಂದೇ ಬಗೆಯ ಕೈಕೆಲಸ. ಆಮೇಲೆ ಆಫ್ರಿಕಾದ ಮಲಾವಿ ಸರೋವರದ ತಳದ ಕೆಸರಲ್ಲೂ ಟೋಬಾ ಬೂದಿ ಸಿಕ್ತು, ಅಲ್ಲೂ ಆ ಹೊತ್ತಿಗೆ ದೊಡ್ಡ ಚಳಿ ಬಿದ್ದ ಗುರುತಿಲ್ಲ. ಟೋಬಾದ ಚಳಿಗಾಲ ಎಷ್ಟು ಕಠಿಣ ಇತ್ತು ಅನ್ನೋ ವಾದ ಇನ್ನೂ ಮುಗಿದಿಲ್ಲ, ಆದ್ರೆ ಜ್ವಾಲಾಪುರಂನ ಆ ಕಲ್ಲುಗಳು ಸಿಕ್ಕ ಮೇಲೆ ಎಲ್ಲಾರೂ ಅಳಿದುಹೋದ್ರು ಅಂತ ಸಲೀಸಾಗಿ ಹೇಳೋಕೆ ಯಾರಿಗೂ ಆಗ್ತಿಲ್ಲ.