ಮೂರಿಂಗ್: ಲಂಡನ್ ಕಾಲುವೆಯಲ್ಲಿ ದೋಣಿ ಕಟ್ಟಲು ಒಂದು ಜಾಗ

ಮಳೆಗಾಲ ಶುರುವಾಯಿತೆಂದರೆ ಕರಾವಳಿಯ ಪತ್ರಿಕೆಗಳಲ್ಲಿ ಒಂದು ಸಾಲು ಬಂದೇ ಬರುತ್ತದೆ: ಮಲ್ಪೆಯಲ್ಲಿ ಬೋಟುಗಳು ಲಂಗರು ಹಾಕಿವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ಸಾಲಾಗಿ ನಿಂತಿರುತ್ತವೆ. ಆದರೆ ಹತ್ತಿರ ಹೋಗಿ ನೋಡಿ. ಬಹಳಷ್ಟು ಬೋಟುಗಳಲ್ಲಿ ಲಂಗರು ಮೇಲೆಯೇ ಇರುತ್ತದೆ. ಬೋಟನ್ನು ಹಿಡಿದಿಟ್ಟಿರುವುದು ಹಗ್ಗ. ಒಂದು ಹಗ್ಗ ದಕ್ಕೆಗೆ, ಇನ್ನೊಂದು ಪಕ್ಕದ ಬೋಟಿಗೆ.

ಲಂಗರು ಎಂದರೆ ನೀರಿನ ತಳಕ್ಕೆ ಇಳಿಬಿಡುವ ಕಬ್ಬಿಣ. ದೋಣಿಯನ್ನು ದಡಕ್ಕೋ ದಕ್ಕೆಗೋ ತೇಲುವ ಬೋಯಿಗೋ ಹಗ್ಗದಿಂದ ಕಟ್ಟುವುದು ಬೇರೆ ಕೆಲಸ. ಇಂಗ್ಲಿಷಿನಲ್ಲಿ ಆ ಎರಡನೆಯದಕ್ಕೆ ಮೂರಿಂಗ್ ಎನ್ನುತ್ತಾರೆ. ನಾವು ಬರೆಯುವಾಗ ಎರಡಕ್ಕೂ ಲಂಗರು ಎಂದೇ ಬರೆದುಬಿಡುತ್ತೇವೆ. ಮಾತಿನಲ್ಲಿ ಮಾತ್ರ ಸರಿಯಾಗಿಯೇ ಹೇಳುತ್ತೇವೆ, ಬೋಟು ಕಟ್ಟಿದ್ದೇವೆ ಅಂತ. ಡಚ್ಚರಲ್ಲಿ ಇದೇ ಕುಟುಂಬದ ಪದ 'ಮೇರೆನ್'. ಕೇಳಲು ನಮ್ಮ 'ಮೇರೆ'ಯಂತೆ ಇದ್ದರೂ ಅದಕ್ಕೂ ಇದಕ್ಕೂ ನಂಟಿಲ್ಲ.

ಇಷ್ಟೇ ಆಗಿದ್ದರೆ ಈ ಪದಕ್ಕೆ ಪರಿಚಯ ಬೇಕಿರಲಿಲ್ಲ. ಆದರೆ ಲಂಡನ್ನಿನ ಕಾಲುವೆಗಳಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡವರ ಬಾಯಲ್ಲಿ ಮೂರಿಂಗ್ ಎಂದರೆ ಕಟ್ಟುವ ಕೆಲಸವೂ ಹೌದು, ಕಟ್ಟುವ ಜಾಗವೂ ಹೌದು, ಅಲ್ಲಿ ಇರಲು ಸಿಗುವ ಅನುಮತಿಯೂ ಹೌದು. "ನಿನಗೆ ಮೂರಿಂಗ್ ಇದೆಯಾ?" ಎಂದು ಒಬ್ಬರು ಕೇಳಿದರೆ ಅವರು ಹಗ್ಗದ ಬಗ್ಗೆ ಕೇಳುತ್ತಿಲ್ಲ. ನಿನಗೆ ಒಂದು ಖಾಯಂ ಜಾಗ ಇದೆಯಾ ಎಂದು ಕೇಳುತ್ತಿದ್ದಾರೆ.

ಕಾಲುವೆ ಎಂದ ಕೂಡಲೇ ನಮಗೆ ಮಂಡ್ಯದ ವಿಶ್ವೇಶ್ವರಯ್ಯ ನಾಲೆ ನೆನಪಾಗುತ್ತದೆ. ಗದ್ದೆಗೆ ನೀರು ಹರಿಸುವ ನಾಲೆ. ಇಂಗ್ಲೆಂಡಿನ ಈ ಕಾಲುವೆಗಳನ್ನು ತೋಡಿದ್ದು ಸರಕು ಸಾಗಿಸಲು. ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ನೆಲ ಏರುವ, ಇಳಿಯುವ ಕಡೆ ಲಾಕ್ ಇರುತ್ತದೆ. ಎರಡು ಬಾಗಿಲಿನ ನಡುವೆ ನೀರು ತುಂಬಿಸಿ ಅಥವಾ ಖಾಲಿ ಮಾಡಿ ದೋಣಿಯನ್ನು ಮೇಲಕ್ಕೋ ಕೆಳಕ್ಕೋ ದಾಟಿಸುವ ತೊಟ್ಟಿ ಅದು. ಪಕ್ಕದಲ್ಲಿ ಒಂದು ಕಾಲುದಾರಿ. ಹಿಂದೆ ಕುದುರೆಗಳು ಆ ದಾರಿಯಲ್ಲಿ ನಡೆಯುತ್ತ ಹಗ್ಗ ಕಟ್ಟಿ ದೋಣಿಯನ್ನು ಎಳೆಯುತ್ತಿದ್ದವು. ಅದಕ್ಕೇ ಅದರ ಹೆಸರು ಟೋಪಾತ್, ಎಳೆಯುವ ದಾರಿ. ಈಗ ಅಲ್ಲಿ ಜನ ಓಡುತ್ತಾರೆ, ಸೈಕಲ್ ಹೊಡೆಯುತ್ತಾರೆ. ಅದೇ ಅಂಚಿಗೆ ದೋಣಿಗಳನ್ನೂ ಕಟ್ಟುತ್ತಾರೆ. ಎದುರು ದಡ ಬಹುತೇಕ ಯಾರದೋ ತೋಟ, ಯಾರದೋ ಕಟ್ಟಡ.

ಲಂಡನ್ನಿನ ಮಧ್ಯದಲ್ಲಿ ಹಾದುಹೋಗುವುದು ರೀಜೆಂಟ್ಸ್ ಕಾಲುವೆ. 1820ರಲ್ಲಿ ಪೂರ್ತಿ ತೆರೆಯಿತು. ಲಿಟಲ್ ವೆನಿಸ್‌ನಿಂದ ಥೇಮ್ಸ್ ದಡದ ಲೈಮ್‌ಹೌಸ್‌ವರೆಗೆ ಸುಮಾರು 14 ಕಿಲೋಮೀಟರ್. ಮನಸ್ಸು ಮಾಡಿದರೆ ಒಂದು ದಿನದಲ್ಲಿ ನಡೆದು ಮುಗಿಸಬಹುದು. ಇಷ್ಟು ಚಿಕ್ಕ ಕಾಲುವೆಯ ಒಂದೇ ಅಂಚಿನಲ್ಲಿ ಎಷ್ಟು ದೋಣಿ ಹಿಡಿಸೀತು, ಅಲ್ವಾ?

ಅಲ್ಲಿ ದೋಣಿಯ ಮೇಲೆ ಮನೆ ಮಾಡಿರುವ ಗೆಳೆಯನೊಬ್ಬನಿದ್ದಾನೆ, ನಮ್ಮ ಕಡೆಯವನೇ. ಒಮ್ಮೆ ಅವನ ಜೊತೆ ಲಿಟಲ್ ವೆನಿಸ್‌ನಿಂದ ವಿಕ್ಟೋರಿಯಾ ಪಾರ್ಕ್ ಕಡೆಗೆ ಹೋಗಿದ್ದೆ. "ಓಡಿಸುವುದು ಏನೂ ಕಷ್ಟ ಇಲ್ಲ ಮಾರಾಯ, ಸಂಜೆ ಎಲ್ಲಿ ಕಟ್ಟುವುದು ಎನ್ನುವುದೇ ಚಿಂತೆ" ಎಂದು ಹೊರಡುವ ಮೊದಲೇ ಹೇಳಿದ್ದ. ವೇಗದ ಮಿತಿ ಗಂಟೆಗೆ 4 ಮೈಲಿ, ಅಂದರೆ ಚುರುಕಾಗಿ ನಡೆಯುವವರ ವೇಗ. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕ ಬಂದಾಗ ಅದಕ್ಕಿಂತಲೂ ನಿಧಾನ ಮಾಡಬೇಕು. ಯಾಕೆಂದರೆ ಸಾಗುವ ದೋಣಿ ಕಿರಿದಾದ ಕಾಲುವೆಯ ನೀರನ್ನು ತನ್ನ ಕಡೆ ಸೆಳೆಯುತ್ತದೆ. ಕಟ್ಟಿದ ದೋಣಿ ಮುಂದೆ ಹಿಂದೆ ಜಗ್ಗುತ್ತದೆ. ಮೆದು ಮಣ್ಣಿನಲ್ಲಿ ಹೊಡೆದ ಗೂಟ ಕಿತ್ತು ಬರುವುದೂ ಉಂಟು. ಆಗ ಒಳಗೆ ಒಲೆಯ ಮೇಲೆ ಚಹಾ ಇಟ್ಟವರ ಗತಿ ಏನು?

ಮೊದಲು ಬಂತು ಮೇಡಾ ಹಿಲ್ ಸುರಂಗ. ಅದನ್ನು ದಾಟಿದ ಮೇಲೆ ರೀಜೆಂಟ್ಸ್ ಪಾರ್ಕು, ಮೃಗಾಲಯ. ಎಷ್ಟು ಚೆಂದದ ಜಾಗವೋ, ಕಟ್ಟಲು ಮಾತ್ರ ಬಿಡುವುದಿಲ್ಲ. ಕ್ಯಾಮ್ಡೆನ್‌ನಲ್ಲಿ ಒಂದರ ಹಿಂದೆ ಒಂದು ಮೂರು ಲಾಕ್. ನಂತರ ಕಿಂಗ್ಸ್ ಕ್ರಾಸ್. ಅಲ್ಲಿಂದ 878 ಮೀಟರ್ ಉದ್ದದ ಇಸ್ಲಿಂಗ್ಟನ್ ಸುರಂಗ. ಸುರಂಗದಲ್ಲಿ ಕಟ್ಟುವ ಪ್ರಶ್ನೆಯೇ ಇಲ್ಲ. ಲಾಕ್‌ನ ಹತ್ತಿರ ಕಟ್ಟುವಂತಿಲ್ಲ, ಅಲ್ಲಿ ದಾಟುವವರು ನಿಲ್ಲಬೇಕು. ಸೇತುವೆಯ ಕೆಳಗೆ, ತಿರುವಿನಲ್ಲಿ, ನೀರು ತುಂಬಿಸಿಕೊಳ್ಳುವ ನಲ್ಲಿಯ ಎದುರು, ಉದ್ದ ದೋಣಿ ತಿರುಗಿಸಲು ಬಿಟ್ಟ ಅಗಲದ ಜಾಗದಲ್ಲಿ ಕಟ್ಟುವಂತಿಲ್ಲ. ಇವನ್ನೆಲ್ಲ ಕಳೆದು ಉಳಿದ ಅಂಚಿನಲ್ಲಿ ಆಗಲೇ ದೋಣಿಗಳ ಸಾಲು.

ಗೆಳೆಯನ ದೋಣಿ 57 ಅಡಿ ಉದ್ದ, ಸುಮಾರು 7 ಅಡಿ ಅಗಲ. ಇದಕ್ಕೆ ನ್ಯಾರೋಬೋಟ್ ಎನ್ನುತ್ತಾರೆ. ನಾನು ಟೋಪಾತ್‌ನಲ್ಲಿ ಮುಂದೆ ನಡೆಯುತ್ತ ಎರಡು ದೋಣಿಗಳ ನಡುವಿನ ಖಾಲಿ ಜಾಗವನ್ನು ಹೆಜ್ಜೆ ಹಾಕಿ ಅಳೆಯುತ್ತಿದ್ದೆ. ನನ್ನ 23 ಹೆಜ್ಜೆ ಬೇಕಿತ್ತು. ಒಂದು ಕಡೆ 20 ಸಿಕ್ಕಿತು. ಇನ್ನೊಂದು ಕಡೆ ಜಾಗ ಸಾಕಷ್ಟಿತ್ತು, ಆದರೆ ಅಂಚಿನಲ್ಲಿ ಹೂಳು. ದೋಣಿಯ ತಳ ತಾಗಿ ದಡಕ್ಕೆ ಬರಲೇ ಇಲ್ಲ. ಅಲ್ಲಿಯವರು ಹೀಗೆಯೇ ಹುಡುಕುತ್ತಾರೆ. ಹಿಂದಿನ ದಿನ ಸೈಕಲ್ಲಿನಲ್ಲಿ ಹೋಗಿ ನೋಡಿಬರುತ್ತಾರೆ. ಯಾರು ಯಾವಾಗ ಹೊರಡುತ್ತಾರೆ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಬೆಳಿಗ್ಗೆ ಹೊರಡುತ್ತಾರೆ. ನಾವು ಹೊರಟಿದ್ದು ಶನಿವಾರ.

ಜಾಗ ಸಿಕ್ಕಿದ ಮೇಲೆ ಕಟ್ಟುವ ಕೆಲಸ ಐದು ನಿಮಿಷದ್ದು. ದಡದಲ್ಲಿ ಕಬ್ಬಿಣದ ಬಳೆ ಇದ್ದರೆ ಹಗ್ಗವನ್ನು ಅದರೊಳಗೆ ತೂರಿಸಿದರೆ ಸಾಕು. ಅಂಚಿಗೆ ತಗಡಿನ ಗೋಡೆ ಇದ್ದರೆ ಅದರ ಸಂದಿಗೆ ಕೊಕ್ಕೆ ಸಿಕ್ಕಿಸುತ್ತಾರೆ. ದೊಡ್ಡ ಸೇಫ್ಟಿ ಪಿನ್ನಿನ ಆಕಾರದ ಕೊಕ್ಕೆಯೊಂದಿದೆ, ಅದಕ್ಕೆ ನ್ಯಾಪಿ ಪಿನ್ ಎಂದು ಹೆಸರು. ಎರಡೂ ಇಲ್ಲದ ಕಡೆ ಸುತ್ತಿಗೆಯಿಂದ ಗೂಟ ಹೊಡೆಯಬೇಕು. ಮುಂದಿನ ಹಗ್ಗ ಮುಂದಕ್ಕೆ, ಹಿಂದಿನ ಹಗ್ಗ ಹಿಂದಕ್ಕೆ ಓರೆಯಾಗಿ ಎಳೆದು ಕಟ್ಟಿದರೆ ದೋಣಿ ಅಷ್ಟಾಗಿ ಜಗ್ಗುವುದಿಲ್ಲ. ಕಾಲುವೆಯಲ್ಲಿ ನೀರಿನ ಮಟ್ಟ ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಹಗ್ಗವನ್ನು ಬಿಗಿಯಾಗಿಯೇ ಕಟ್ಟಬಹುದು. ಉಬ್ಬರವಿಳಿತ ಇರುವ ಥೇಮ್ಸ್‌ನಲ್ಲಿ ಹೀಗೆ ಕಟ್ಟಿದರೆ ನೀರು ಇಳಿದಾಗ ದೋಣಿ ಹಗ್ಗಕ್ಕೆ ನೇತುಬೀಳುತ್ತದೆ.

ಇನ್ನು ಅನುಮತಿಯ ವಿಷಯ. ಮೂರಿಂಗ್ ಪದದ ನಿಜವಾದ ಗಂಟು ಇರುವುದು ಇಲ್ಲಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಹುಪಾಲು ಕಾಲುವೆಗಳನ್ನು 2012ರಿಂದ ನೋಡಿಕೊಳ್ಳುತ್ತಿರುವುದು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಸಂಸ್ಥೆ. ದೋಣಿಗೆ ಅದರ ಲೈಸೆನ್ಸ್ ಬೇಕು. ಲೈಸೆನ್ಸ್ ಕೇಳುವಾಗ ಒಂದು ಪ್ರಶ್ನೆ ಬರುತ್ತದೆ: ನಿಮಗೆ ಹೋಮ್ ಮೂರಿಂಗ್ ಇದೆಯೇ? ಹೋಮ್ ಮೂರಿಂಗ್ ಎಂದರೆ ಬಾಡಿಗೆ ಕೊಟ್ಟು ಇಟ್ಟುಕೊಂಡ ಸ್ವಂತ ತಂಗುದಾಣ. ಲಂಡನ್ನಿನಲ್ಲಿ ಅದಕ್ಕೆ ವರ್ಷಕ್ಕೆ ಸಾವಿರಾರು ಪೌಂಡ್. ದುಡ್ಡು ಇದ್ದರೂ ಖಾಲಿ ಜಾಗ ಸಿಗುವುದು ಕಷ್ಟ. ಸಿಕ್ಕರೂ ಎಲ್ಲ ಕಡೆ ವರ್ಷಪೂರ್ತಿ ವಾಸ ಮಾಡಲು ಒಪ್ಪಿಗೆ ಇರುವುದಿಲ್ಲ.

ಇಲ್ಲ ಎಂದವರು ಕಂಟಿನ್ಯುಯಸ್ ಕ್ರೂಸರ್ ಆಗುತ್ತಾರೆ. ಒಂದೆಡೆ ನೆಲೆ ನಿಲ್ಲದೆ ಸಾಗುತ್ತಲೇ ಇರುವವರು. ಇವರಿಗೆ ದಾರಿ ಕೊಟ್ಟಿದ್ದು 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆ. ದೋಣಿಯನ್ನು ಪ್ರಾಮಾಣಿಕವಾಗಿ ಸಂಚಾರಕ್ಕೆ ಬಳಸಬೇಕು, ಯಾವುದೇ ಒಂದು ಜಾಗದಲ್ಲಿ ಸತತವಾಗಿ 14 ದಿನಕ್ಕಿಂತ ಜಾಸ್ತಿ ಇರಬಾರದು ಎಂದು ಅದು ಹೇಳುತ್ತದೆ. ತಕ್ಕ ಕಾರಣ ಇದ್ದರೆ ಇನ್ನಷ್ಟು ದಿನ ಇರಬಹುದು. ಕಾಯಿಲೆ ಬಿದ್ದರೆ, ಎಂಜಿನ್ ಕೆಟ್ಟರೆ, ನೀರು ಹೆಪ್ಪುಗಟ್ಟಿದರೆ ದೋಣಿ ಹೋಗುವುದಾದರೂ ಹೇಗೆ?

14 ದಿನ ಎನ್ನುವುದು ಎಲ್ಲರಿಗೂ ಅರ್ಥವಾಗುತ್ತದೆ. 'ಜಾಗ' ಎಂದರೆ ಎಷ್ಟು ಎಂದು ಮಾತ್ರ ಕಾಯ್ದೆಯಲ್ಲಿ ಬರೆದಿಲ್ಲ. ನೂರು ಮೀಟರ್ ಮುಂದೆ ಹೋದರೆ ಅದು ಬೇರೆ ಜಾಗವೇ? ಮುಂದಿನ ಸೇತುವೆಯಾಚೆ? ಮುಂದಿನ ಬಡಾವಣೆ? ಒಂದು ನೆರೆಹೊರೆಯಿಂದ ಇನ್ನೊಂದಕ್ಕೆ ಹೋಗಬೇಕು, ಎರಡೇ ಜಾಗಗಳ ನಡುವೆ ಸುಮ್ನೆ ಹೋಗಿ ಬಂದು ಮಾಡಿದರೆ ಆಗದು ಎನ್ನುತ್ತದೆ ಟ್ರಸ್ಟ್. ಲೈಸೆನ್ಸ್ ಅವಧಿಯಲ್ಲಿ ದೋಣಿ ತಿರುಗಿದ ಹರವು 20 ಮೈಲಿಗಿಂತ ಕಡಿಮೆ ಇದ್ದರೆ ಒಪ್ಪುವುದು ಕಷ್ಟ ಎಂದೂ ಹೇಳಿದೆ. ಕಾಯ್ದೆಯಲ್ಲಿ ಮೈಲಿಯ ಲೆಕ್ಕವೇ ಇಲ್ಲವಲ್ಲ ಎಂಬುದು ದೋಣಿವಾಸಿಗಳ ವಾದ. ಅವರ ಪರವಾಗಿ ನ್ಯಾಷನಲ್ ಬಾರ್ಜಿ ಟ್ರಾವೆಲರ್ಸ್ ಅಸೋಸಿಯೇಷನ್ ಎಂಬ ಸಂಘ 2009ರಿಂದ ಮಾತಾಡುತ್ತಿದೆ.

ಇದು ಕೇವಲ ಪದದ ಜಗಳ ಎಂದು ನನಗೆ ಅನ್ನಿಸುವುದಿಲ್ಲ. ಮಗು ಹ್ಯಾಕ್ನಿಯ ಶಾಲೆಗೆ ಹೋಗುತ್ತಿದೆ ಎಂದುಕೊಳ್ಳಿ. ಎರಡು ವಾರಕ್ಕೊಮ್ಮೆ ಮನೆಯೇ ಜಾಗ ಬದಲಿಸುತ್ತದೆ. ಈ ವಾರ ಶಾಲೆ ಹತ್ತು ನಿಮಿಷದ ನಡಿಗೆ, ಮುಂದಿನ ತಿಂಗಳು ಎರಡು ಬಸ್ಸು. ಆಸ್ಪತ್ರೆಗೆ ಪದೇ ಪದೇ ಹೋಗಬೇಕಾದ ವಯಸ್ಸಾದವರ ಪಾಡು ಇನ್ನೂ ಕಷ್ಟ. ಅಲೆಯುವುದನ್ನು ಇಷ್ಟಪಟ್ಟು ಆರಿಸಿಕೊಂಡವರು ಇದ್ದಾರೆ. ಲಂಡನ್ನಿನ ಮನೆ ಬಾಡಿಗೆ ಕೊಡಲಾಗದೆ ನೀರಿಗೆ ಇಳಿದವರೂ ಇದ್ದಾರೆ. 2012ರಿಂದ 2019ರ ನಡುವೆ ಲಂಡನ್ನಿನಲ್ಲಿ ಹೋಮ್ ಮೂರಿಂಗ್ ಇಲ್ಲದ ದೋಣಿಗಳು ಮೂರು ಪಟ್ಟಿಗೂ ಹೆಚ್ಚಾದವು. ಅಂಚು ಮಾತ್ರ ಇದ್ದಷ್ಟೇ ಇದೆ. 2024ರ ಏಪ್ರಿಲ್‌ನಿಂದ ಇಂಥ ದೋಣಿಗಳಿಗೆ ಲೈಸೆನ್ಸ್ ಶುಲ್ಕದ ಮೇಲೆ ಇನ್ನಷ್ಟು ಹಣ ಸೇರಿಸಿದ್ದಾರೆ. ಕಾಲುವೆ ನಡೆಸಲು ಟ್ರಸ್ಟಿಗೆ ದುಡ್ಡು ಬೇಕು, ಒಪ್ಪುತ್ತೇನೆ. ಆದರೆ ಆ ಹೊರೆ ನೆಲೆ ಇಲ್ಲದವರ ಮೇಲೆಯೇ ಜಾಸ್ತಿ ಬೀಳುವುದು ನನಗೆ ಸರಿ ಕಾಣುವುದಿಲ್ಲ.

ಆಮ್‌ಸ್ಟರ್‌ಡ್ಯಾಮಿನ ಕಥೆ ಬೇರೆ. ಅಲ್ಲಿಯ ಮನೆದೋಣಿಗಳಿಗೆ ಗೊತ್ತಾದ ಜಾಗ ಇರುತ್ತದೆ, ವರ್ಷಗಟ್ಟಲೆ ಅಲ್ಲೇ ನಿಲ್ಲುತ್ತವೆ. ಲಂಡನ್ನಿನ ಅಲೆದಾಟ ಅಲ್ಲಿಲ್ಲ.

ಲಂಡನ್ನಿನಲ್ಲಿ ವಿಸಿಟರ್ ಮೂರಿಂಗ್ ಎಂಬುದೂ ಇದೆ. ಜನ ಹೆಚ್ಚು ಬಯಸುವ ಕಡೆ ಬೋರ್ಡ್ ಹಾಕಿ ಇಷ್ಟೇ ದಿನ ಎಂದು ಬರೆದಿರುತ್ತಾರೆ, ಹಲವು ಕಡೆ 7 ದಿನ. ಲಿಟಲ್ ವೆನಿಸ್‌ನ ರೆಂಬ್ರಾಂಟ್ ಗಾರ್ಡನ್ಸ್ ಬಳಿ ಮೊದಲೇ ಬುಕ್ ಮಾಡಬಹುದು. ಇಸ್ಲಿಂಗ್ಟನ್‌ನ ಒಂದು ಕಡೆ ಹೊಗೆ ಕಡಿಮೆ ಮಾಡಲೆಂದು ದಡದಲ್ಲೇ ವಿದ್ಯುತ್ ಕೊಟ್ಟಿದ್ದಾರೆ. ಇದು ಒಳ್ಳೆಯ ಕೆಲಸ. ಕರೆಂಟ್ ಇಲ್ಲದ ಕಡೆ ದೋಣಿಯವರು ಬ್ಯಾಟರಿ ತುಂಬಿಸಲು ಎಂಜಿನ್ ಓಡಿಸುತ್ತಾರೆ, ಚಳಿಗೆ ಒಲೆ ಉರಿಸುತ್ತಾರೆ. ಆ ಹೊಗೆ ಎದುರಿನ ಮನೆಗಳಿಗೆ ಹೋಗುತ್ತದೆ. ಅವರ ದೂರೂ ಸುಳ್ಳಲ್ಲ. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಎಂಜಿನ್ ಓಡಿಸಬಾರದು ಎಂಬ ಕಟ್ಟಳೆಯೂ ಇದೆ.

ಆ ಶನಿವಾರ ನಮಗೆ ವಿಕ್ಟೋರಿಯಾ ಪಾರ್ಕಿನ ಬಳಿ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅಂಚು ಪೂರ್ತಿ ತುಂಬಿತ್ತು. ಗೆಳೆಯ ಒಂದು ಹಸಿರು ದೋಣಿಯ ಪಕ್ಕ ನಿಧಾನ ಮಾಡಿ, ಕಿಟಕಿಯ ಹತ್ತಿರ ಬಗ್ಗಿ, ನಿಮ್ಮ ಪಕ್ಕ ಕಟ್ಟಿಕೊಳ್ಳಬಹುದಾ ಎಂದು ಕೇಳಿದ. ಒಳಗಿಂದ ವಯಸ್ಸಾದ ಒಬ್ಬ ಮಹಿಳೆ ಹೊರಬಂದರು. ಎಷ್ಟು ದಿನ ಇರುತ್ತೀರಿ ಎಂದು ಕೇಳಿದರು. ತಾವು ಬುಧವಾರ ಹೊರಡಬೇಕು, ಆಗ ನೀವು ಸರಿದು ದಾರಿ ಬಿಡಬೇಕು ಎಂದರು. ಅಷ್ಟು ಹೇಳಿ, ನಾವು ಎಸೆದ ಹಗ್ಗವನ್ನು ತಾವೇ ಹಿಡಿದು ಸುತ್ತಿದರು. ಇದಕ್ಕೆ ಡಬಲ್ ಮೂರಿಂಗ್ ಎನ್ನುತ್ತಾರೆ, ದೋಣಿಗೆ ದೋಣಿ ಕಟ್ಟುವುದು. ಮಲ್ಪೆಯಲ್ಲಿ ಸಾಲುಸಾಲಾಗಿ ಕಟ್ಟುತ್ತಾರಲ್ಲ, ಹಾಗೆಯೇ. ಇಲ್ಲಿ ದಾರಿ ಕಿರಿದು, ಹಾಗಾಗಿ ಸಾಮಾನ್ಯವಾಗಿ ಎರಡಕ್ಕೇ ನಿಲ್ಲಿಸುತ್ತಾರೆ. ಹೊರಗಿನ ದೋಣಿಯವರು ದಡಕ್ಕೆ ಹೋಗಬೇಕಾದರೆ ಒಳಗಿನ ದೋಣಿಯ ಮೇಲೆಯೇ ಹಾದು ಹೋಗಬೇಕು.

ರಾತ್ರಿ ಊಟಕ್ಕೆ ಹೊರಟಾಗ ಗೆಳೆಯ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡ. "ಮುಂದಿನ ತುದಿಯಿಂದ ದಾಟು, ಮೆಲ್ಲಗೆ. ಅವರು ಮಲಗಿರುತ್ತಾರೆ" ಎಂದ. ಹೊರಡುವ ಮೊದಲು ಒಲೆಯ ಪಕ್ಕದ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಸುತ್ತು ಹಾಕಿದ್ದ. ಅಲ್ಲಿಂದ ಎರಡು ಸಾಲು ಕೆಳಗೆ, ಹದಿನಾಲ್ಕನೆಯ ದಿನಕ್ಕೆ ಇನ್ನೊಂದು.